ಪೂರ್ವಾನುಮತಿ ಅಂದರೆ ಯಾವ ಅನುಮತಿ?

"ಅನುಮತಿ ಕೊಟ್ಟಿಲ್ಲ ಅಂದಮೇಲೆ ಅವರು ತಪ್ಪೇ ಮಾಡಿಲ್ಲ ತಾನೇ?" ಹಾಸನದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾವ ರಾಜಕಾರಣಿಯ ಸುದ್ದಿ ಬಿದ್ದರೂ ಒಬ್ಬರಾದರೂ ಹೀಗೆ ಬರೆಯುತ್ತಾರೆ. ಅದರ ಕೆಳಗೇ ಇನ್ನೊಬ್ಬರು, "ಅನುಮತಿ ಸಿಕ್ತು, ಇನ್ನು ಜೈಲೇ ಗತಿ." ಎರಡೂ ತಪ್ಪು. ಓದಿ ಓದಿ ಸಾಕಾಗಿದೆ.

ಲೋಕಾಯುಕ್ತ ಅಂದರೇನು, ಎಫ್‌ಐಆರ್ ಅಂದರೇನು ಅಂತ ಇಲ್ಲಿ ಹೇಳಲು ಹೋಗುವುದಿಲ್ಲ. ಗೊಂದಲ ಇರುವುದು ಒಂದೇ ಕಡೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಎರಡು ಅನುಮತಿಗಳಿವೆ, ನಾವು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ. 19ನೇ ಸೆಕ್ಷನ್‌ನದು ಹಳೆಯದು. ತನಿಖೆ ಮುಗಿದು, ಸಾಕ್ಷ್ಯ ಸೇರಿ, ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳುವ ಮುಂಚೆ ಬೇಕಾದದ್ದು ಅದು. ಪ್ರಾಸಿಕ್ಯೂಷನ್ ಮಂಜೂರಾತಿ ಅಂದರೆ ಅದೇ. ಇನ್ನೊಂದು 17ಎ ಸೆಕ್ಷನ್‌ನದು, ಅದು ಜಾರಿಗೆ ಬಂದದ್ದು 2018ರ ಜುಲೈ 26ಕ್ಕೆ. ಅಧಿಕಾರದಲ್ಲಿ ಕೂತು ತೆಗೆದುಕೊಂಡ ನಿರ್ಧಾರ ಅಥವಾ ಮಾಡಿದ ಶಿಫಾರಸಿನ ಮೇಲೆ ದೂರು ಬಂದರೆ, ಪೊಲೀಸರು ವಿಚಾರಣೆ ಶುರು ಮಾಡುವುದಕ್ಕೇ ಮೊದಲು ಒಪ್ಪಿಗೆ ಕೇಳಬೇಕು. ಒಂದು ಕೇಸು ನಡೆಸಲು ಬೇಕಾದ ಅನುಮತಿ, ಇನ್ನೊಂದು ಫೈಲು ಬಿಚ್ಚಿ ನೋಡಲು ಬೇಕಾದದ್ದು.

2024ರ ಆಗಸ್ಟ್‌ನಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ವಿಚಾರಕ್ಕೆ ಸಿಎಂ ಸಿದ್ದರಾಮಯ್ಯ ಅವರ ಮೇಲೆ ರಾಜ್ಯಪಾಲರ ಆದೇಶ ಬಂದಾಗ ಟಿವಿಯವರೆಲ್ಲ "ಸಿಎಂ ವಿರುದ್ಧ ಪ್ರಾಸಿಕ್ಯೂಷನ್‌ಗೆ ಅನುಮತಿ" ಅಂತ ಕೂಗಿದ್ದೇ ಕೂಗಿದ್ದು. ಸೆಪ್ಟೆಂಬರ್ 24ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು, ನಿಜ. ಆದರೆ ಅದು 17ಎ ಒಪ್ಪಿಗೆಗೆ ಮಾತ್ರ ಸೀಮಿತ, ಪ್ರಾಸಿಕ್ಯೂಷನ್ ಮಂಜೂರಾತಿ ಅಲ್ಲ ಅಂತ ಬಿಡಿಸಿ ಹೇಳಿತು. ಆಮೇಲೆ ಲೋಕಾಯುಕ್ತ ಪೊಲೀಸರು ತನಿಖೆ ಮಾಡಿ, 2025ರಲ್ಲಿ ಸಾಕ್ಷ್ಯ ಸಾಲದು ಅಂತ ವರದಿ ಕೊಟ್ಟರು. ಪ್ರಾಸಿಕ್ಯೂಷನ್ನೇ ಶುರುವಾಗಿದ್ದರೆ ಈ ವರದಿ ಎಲ್ಲಿಂದ ಬರಬೇಕಿತ್ತು?

ಪದದ ಹುಟ್ಟು ನೋಡಿದರೆ ಇನ್ನೂ ತಮಾಷೆ. ಪೂರ್ವ ಮತ್ತು ಅನುಮತಿ, ಅದರಲ್ಲಿ ಗುಟ್ಟೇನಿಲ್ಲ. ಮಂಜೂರು ಅರಬ್ಬಿಯಿಂದ ಬಂದದ್ದು. ನಾವು 'ನದರು' ಅನ್ನುತ್ತೇವಲ್ಲ, ಅದೂ ಇದೂ ಒಂದೇ ಬೇರಿನವು. ಮಂಜೂರು ಅಂದರೆ ಮೂಲದಲ್ಲಿ 'ನೋಡಿದ್ದು', ಆಮೇಲೆ 'ನೋಡಿ ಒಪ್ಪಿದ್ದು'. ಈ ಲೆಕ್ಕದಲ್ಲಿ 19ನೇ ಸೆಕ್ಷನ್‌ಗೆ ಮಂಜೂರಾತಿ ಸರಿಯಾದ ಪದ. ಸಾಕ್ಷ್ಯ ಮುಂದಿಟ್ಟಿರುತ್ತಾರೆ, ಅದನ್ನು ನೋಡಿ ಒಪ್ಪುತ್ತಾರೆ. 17ಎ ಹಂತದಲ್ಲಿ ನೋಡುವುದಕ್ಕೆ ಒಂದು ದೂರಿನ ಅರ್ಜಿ ಬಿಟ್ಟು ಜಾಸ್ತಿ ಏನೂ ಇರುವುದಿಲ್ಲ, ಯಾಕೆಂದರೆ ಇದ್ದದ್ದನ್ನು ಹುಡುಕುವುದಕ್ಕೇ ಅನುಮತಿ ಕೇಳುತ್ತಿರುವುದು!

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇನ್ನೊಂದು ಪದ ಚೆನ್ನಾಗಿ ಗೊತ್ತು: ಬಗರ್ ಹುಕುಂ. ಹುಕುಂ ಇಲ್ಲದೆ, ಅಂದರೆ ಅಪ್ಪಣೆ ಇಲ್ಲದೆ ಮಾಡಿದ ಸಾಗುವಳಿ. ರೈತ ಮೊದಲು ಉತ್ತು, ಆಮೇಲೆ ನಮೂನೆ 57ರಲ್ಲಿ ಅರ್ಜಿ ಹಾಕಿ ಸಕ್ರಮ ಮಾಡಿ ಅಂತ ಕೇಳಬಹುದಿತ್ತು. ತನಿಖೆ ಮಾಡುವವರಿಗೆ ಆ ಅನುಕೂಲ ಇಲ್ಲ, ಅವರು ಹುಕುಂ ಇಲ್ಲದೆ ಕಾಲೇ ಇಡುವಂತಿಲ್ಲ. ಆ ಅರ್ಜಿಗಳನ್ನು ತೀರ್ಮಾನಿಸುವ ಸಕ್ರಮ ಸಮಿತಿಗೆ ಅಧ್ಯಕ್ಷರು ಕ್ಷೇತ್ರದ ಶಾಸಕರು, ಕಾರ್ಯದರ್ಶಿ ತಹಶೀಲ್ದಾರ್. ಸಮಿತಿ ಯಾರಿಗೋ ಅಡ್ಡದಾರಿಯಲ್ಲಿ ಜಮೀನು ಕೊಟ್ಟಿತು ಅಂತ ದೂರು ಬಂದರೆ ಅದು 'ನಿರ್ಧಾರ', ಅಲ್ಲಿಗೆ 17ಎ ಅಡ್ಡ ಬರುತ್ತದೆ.

ಅದೇ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ ಲಂಚ ತೆಗೆದುಕೊಳ್ಳುವಾಗ ಸಿಕ್ಕಿಬಿದ್ದರೆ? ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿರುತ್ತಾರೆ. ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿಸುತ್ತಾರೆ, ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅವನನ್ನು ಅಲ್ಲೇ ಹಿಡಿಯಲು ಯಾರ ಒಪ್ಪಿಗೆಯೂ ಬೇಡ, ಆ ವಿನಾಯಿತಿ 17ಎ ಒಳಗೇ ಬರೆದಿದೆ. ಸಹಿಯಲ್ಲೇ ಎಲ್ಲ ಮುಗಿಸುವವರು ನೋಟು ಮುಟ್ಟುವುದು ಕಮ್ಮಿ, ಅಲ್ವಾ? ಪ್ರಾಮಾಣಿಕ ಅಧಿಕಾರಿ ಸುಳ್ಳು ದೂರಿಗೆ ಹೆದರಿ ಸಹಿ ಹಾಕುವುದನ್ನೇ ಬಿಡಬಾರದು, ಅದಕ್ಕೆ 17ಎ ಬೇಕು ಅನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ದೂರು ಸುಳ್ಳೋ ನಿಜವೋ ಅಂತ ತೀರ್ಮಾನಿಸುವ ಕೆಲಸ ಸರ್ಕಾರದ್ದೇ ಯಾಕಾಗಬೇಕು? ರಾಜ್ಯದ ನೌಕರನಿಗೆ ರಾಜ್ಯ ಸರ್ಕಾರವೇ ಒಪ್ಪಿಗೆ ಕೊಡಬೇಕು ಅಂದರೆ, ಮಂತ್ರಿ ಹೇಳಿದ ಕಡೆ ಸಹಿ ಹಾಕಿದ ಅಧಿಕಾರಿಯ ತನಿಖೆ ಆ ಮಂತ್ರಿಯೇ ಇರುವ ಸರ್ಕಾರದ ಕೈಯಲ್ಲಿ.

ಇದು ಹೊಸ ಉಪಾಯವೂ ಅಲ್ಲ. ಜಂಟಿ ಕಾರ್ಯದರ್ಶಿ ಮತ್ತು ಮೇಲಿನವರ ಬಗ್ಗೆ ಸಿಬಿಐ ವಿಚಾರಿಸಬೇಕಾದರೆ ಸರ್ಕಾರವನ್ನು ಕೇಳಬೇಕು ಅನ್ನುವ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 1997ರಲ್ಲಿ ಹೊಡೆದುಹಾಕಿತು. 2003ರಲ್ಲಿ ಅದೇ ಮಾತು ಕಾನೂನಾಗಿ ವಾಪಸ್ ಬಂತು. 2014ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೂ ರದ್ದು ಮಾಡಿತು, ದೊಡ್ಡವರಿಗೆ ಮಾತ್ರ ಬೇರೆ ನ್ಯಾಯ ಇರಬಾರದು ಅಂತ. ನಾಲ್ಕು ವರ್ಷಕ್ಕೆ 17ಎ ಬಂತು, ಈ ಸಲ ಎಲ್ಲ ದರ್ಜೆಯವರಿಗೂ ಅನ್ವಯಿಸುವ ಹಾಗೆ. ಜಾಣತನ ಮೆಚ್ಚಬೇಕು.

ಇದೆಲ್ಲ ಒಂದೇ ಪಕ್ಷದ ಕೆಲಸ ಅನ್ನುವವರಿಗೆ ಒಂದು ಮಾತು. 2016ರಲ್ಲಿ ಲೋಕಾಯುಕ್ತ ಪೊಲೀಸರ ಕೈಯಿಂದ ಭ್ರಷ್ಟಾಚಾರದ ಕೇಸುಗಳನ್ನು ಕಿತ್ತು, ಮುಖ್ಯಮಂತ್ರಿಯ ಅಧೀನದ ಎಸಿಬಿಗೆ (ಭ್ರಷ್ಟಾಚಾರ ನಿಗ್ರಹ ದಳಕ್ಕೆ) ಕೊಟ್ಟದ್ದು ಕಾಂಗ್ರೆಸ್ ಸರ್ಕಾರ. ಆಮೇಲೆ ಬಂದವರು ಅದನ್ನು ಹಾಗೇ ಇಟ್ಟುಕೊಂಡರು. 2022ರ ಆಗಸ್ಟ್ 11ರಂದು ರದ್ದು ಮಾಡಿದ್ದು ಹೈಕೋರ್ಟ್.

ಕೊನೆಗೆ ಅವಧಿ. 17ಎ ಪ್ರಕಾರ ಮೂರು ತಿಂಗಳಲ್ಲಿ ತೀರ್ಮಾನ ಹೇಳಬೇಕು, ಕಾರಣ ಬರೆದು ಇನ್ನೊಂದು ತಿಂಗಳು ತೆಗೆದುಕೊಳ್ಳಬಹುದು. ಅದೂ ಮೀರಿದರೆ ಏನು ಅಂತ ಆ ಸೆಕ್ಷನ್‌ನಲ್ಲಿ ಬರೆದಿಲ್ಲ. ಹಾಗಾಗಿ 'ನಿರಾಕರಿಸಿದರು' ಬೇರೆ, 'ಇನ್ನೂ ಕೊಟ್ಟಿಲ್ಲ' ಬೇರೆ. ನಮ್ಮ ಗುಂಪಿನವರು ಇದನ್ನೂ ಕಲಸಿಬಿಡುತ್ತಾರೆ.