ಪಕ್ಕದ ಮನೆಯವನ ಓಟಿನ ಲೆಕ್ಕ

ಚುನಾವಣಾ ಸಮೀಕ್ಷೆಗೆ ಪ್ರಶ್ನೆ ಬರೆದುಕೊಡುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ತರಬೇತಿಯ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. 'ನೀವು ಯಾರಿಗೆ ಓಟು ಹಾಕ್ತೀರಿ' ಅಂತ ಕೇಳಿದಾಗ ಜನ 'ಈ ಸಲ ಇಲ್ಲಿ ಅವರದ್ದೇ ಹವಾ' ಅಂದರೆ ಫಾರಂನಲ್ಲಿ ಟಿಕ್ ಹಾಕಬೇಡಿ. ಅವರು ಹೇಳಿದ್ದು ಊರಿನ ಮನಸ್ಸು, ತಮ್ಮ ಮನಸ್ಸಲ್ಲ. ಇನ್ನೊಂದು ಸಲ ಕೇಳಿ.

ವರ್ಷಗಟ್ಟಲೆ ಇದನ್ನೇ ಹೇಳುತ್ತ ಹೇಳುತ್ತ ನನಗೇ ಒಂದು ಅನುಮಾನ ಶುರುವಾಯಿತು. ಊರಿನ ಮನಸ್ಸು ನೋಡಿಕೊಂಡೇ ತನ್ನ ಓಟು ತೀರ್ಮಾನ ಮಾಡುವವನು ಸಿಕ್ಕರೆ? ಆಗ ಎರಡು ಉತ್ತರವೂ ಒಂದೇ ಆಯಿತಲ್ಲ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದ್ದಲ್ಲ, ಅಮೆರಿಕದ್ದು. 2004ರಲ್ಲಿ ಡೆಮಾಕ್ರಟಿಕ್ ಪಕ್ಷ ನಡೆಸಿದ ಪ್ರೈಮರಿ.

ಪ್ರೈಮರಿ ಅಂದರೆ ಏನು ಅಂತ ಕೇಳುವವರಿಗೆ ನಾನು ಬಿ ಫಾರಂ ನೆನಪಿಸುತ್ತೇನೆ. ನಮ್ಮಲ್ಲಿ ಟಿಕೆಟ್ ಆಕಾಂಕ್ಷಿಗಳು ದೆಹಲಿಗೆ ಓಡುತ್ತಾರೆ. ಹೈಕಮಾಂಡ್ ಮನಸ್ಸು ಕರಗಿದರೆ ಬಿ ಫಾರಂ ಕೈಗೆ ಬರುತ್ತದೆ. ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಯ ಬಿ ಫಾರಂ ಕೊಡುವವರು ಸಾಮಾನ್ಯ ಮತದಾರರು. ಜನವರಿ, ಫೆಬ್ರವರಿಯಿಂದ ಜೂನ್‌ವರೆಗೆ ರಾಜ್ಯದಿಂದ ರಾಜ್ಯಕ್ಕೆ ಓಟು ನಡೆಯುತ್ತದೆ. 2004ರಲ್ಲಿ ರಿಪಬ್ಲಿಕನ್ ಕಡೆ ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಹೇಳಿಕೊಳ್ಳುವಂಥ ಎದುರಾಳಿಯೇ ಇರಲಿಲ್ಲ. ಜಗಳವೆಲ್ಲ ಡೆಮಾಕ್ರಟರ ಮನೆಯಲ್ಲಿ.

ಜಗಳದ ಮೂಲ ಇರಾಕ್. 2003ರ ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು. ಮೇ 1ರಂದು ಬುಷ್ ಒಂದು ವಿಮಾನವಾಹಕ ಹಡಗಿನ ಮೇಲೆ ಬಂದಿಳಿದು, 'ಕೆಲಸ ಮುಗಿಯಿತು' ಎಂಬ ಅರ್ಥದ ಬ್ಯಾನರ್ ಮುಂದೆ ನಿಂತು ಭಾಷಣ ಮಾಡಿದರು. ಮುಗಿದಿರಲಿಲ್ಲ. 2004ರ ಜನವರಿ ಮಧ್ಯದ ಹೊತ್ತಿಗೆ ಇರಾಕ್‌ನಲ್ಲಿ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ 500 ಮುಟ್ಟಿತ್ತು. ಯಾವ ಭಯಂಕರ ಅಸ್ತ್ರಗಳ ಹೆಸರು ಹೇಳಿ ಯುದ್ಧಕ್ಕೆ ಹೋಗಿದ್ದರೋ ಅವು ಸಿಕ್ಕಿರಲಿಲ್ಲ. ಅವನ್ನು ಹುಡುಕುವ ತಂಡದ ಮುಖ್ಯಸ್ಥರಾಗಿದ್ದ ಡೇವಿಡ್ ಕೇ ಅವರೇ ಜನವರಿ 28ರಂದು ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿ ಮುಂದೆ, 'ನಾವು ಹೆಚ್ಚುಕಡಿಮೆ ಎಲ್ಲರೂ ತಪ್ಪು ತಿಳಿದಿದ್ದೆವು' ಎಂದುಬಿಟ್ಟರು.

ಇಷ್ಟು ಕೇಳಿದರೆ ಯುದ್ಧವನ್ನು ಮೊದಲಿನಿಂದ ವಿರೋಧಿಸಿದವರಿಗೇ ಟಿಕೆಟ್ ಸಿಕ್ಕಿರಬೇಕು ಅನ್ನಿಸುತ್ತದೆ, ಅಲ್ವಾ? ಅಂಥವರು ಇದ್ದರು ಕೂಡ. ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಗವರ್ನರ್ ಆಗಿದ್ದ ಡಾಕ್ಟರ್ ಹೋವರ್ಡ್ ಡೀನ್. 2003ರ ಕೊನೆಗೆ ಸಮೀಕ್ಷೆಗಳಲ್ಲಿ ಅವರೇ ಮುಂದೆ. ಇಂಟರ್ನೆಟ್‌ನಲ್ಲಿ ಸಣ್ಣ ಸಣ್ಣ ದೇಣಿಗೆ ಎತ್ತಿ ದೊಡ್ಡ ಮೊತ್ತ ಕೂಡಿಸಿದ್ದರು. ಹಿಂದಿನ ಚುನಾವಣೆಯ ಅಭ್ಯರ್ಥಿ ಆಲ್ ಗೋರ್ ಅವರ ಬೆಂಬಲವೂ ಸಿಕ್ಕಿತ್ತು. ಇನ್ನೊಂದು ಕಡೆ ಜಾನ್ ಕೆರ್ರಿ, ಜಾನ್ ಎಡ್ವರ್ಡ್ಸ್, ಜೋ ಲೀಬರ್ಮನ್, ಡಿಕ್ ಗೆಪಾರ್ಟ್. ಯುದ್ಧಕ್ಕೆ ಅನುಮತಿ ಕೊಟ್ಟ ನಿರ್ಣಯ 2002ರ ಅಕ್ಟೋಬರ್‌ನಲ್ಲಿ ಸೆನೆಟ್‌ನಲ್ಲಿ 77-23ರಿಂದ ಪಾಸಾದಾಗ ಇವರಲ್ಲಿ ಮೂವರು ಸೆನೆಟರ್‌ಗಳೂ 'ಹೌದು' ಎಂದವರು. ಗೆಪಾರ್ಟ್ ಕೆಳಮನೆಯಲ್ಲಿ ಅದನ್ನೇ ಮಾಡಿದ್ದರು.

ಜನವರಿ 19ರ ಸಂಜೆ ಅಯೋವಾ ರಾಜ್ಯದಲ್ಲಿ ಕಾಕಸ್, ಅಂದರೆ ಪ್ರೈಮರಿಯ ಬದಲು ಪಕ್ಷದ ಮತದಾರರ ಸಭೆ. ಕೊರೆಯುವ ಚಳಿಯಲ್ಲಿ ಜನ ಶಾಲೆ, ಚರ್ಚು, ಫೈರ್ ಸ್ಟೇಷನ್‌ಗಳಲ್ಲಿ ಸೇರಿದ್ದರು. ಗುಪ್ತ ಮತದಾನ ಇರಲಿಲ್ಲ. ಡೀನ್ ಕಡೆಯವರು ಒಂದು ಮೂಲೆಗೆ, ಕೆರ್ರಿ ಕಡೆಯವರು ಇನ್ನೊಂದು ಮೂಲೆಗೆ ಹೋಗಿ ನಿಲ್ಲಬೇಕಿತ್ತು, ಎಲ್ಲರ ಕಣ್ಣೆದುರಿಗೆ. ಸಾಮಾನ್ಯವಾಗಿ ಶೇ. 15ರಷ್ಟು ಜನ ಸೇರದ ಗುಂಪಿಗೆ ಲೆಕ್ಕವಿರಲಿಲ್ಲ. ಅವರು ಬೇರೆ ಮೂಲೆಗೆ ಹೋಗಬಹುದಿತ್ತು. ಆಗ ಶುರುವಾಗುತ್ತಿತ್ತು ನೋಡಿ ಚೌಕಾಶಿ. 'ಬನ್ನಿ, ನಮ್ಮ ಕಡೆ ಬನ್ನಿ' ಅಂತ ಅಕ್ಕಪಕ್ಕದ ಮನೆಯವರೇ ಕರೆಯುತ್ತಿದ್ದರು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯ ಹಿಂದಿನ ರಾತ್ರಿ ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಕೆಲಸ ದೀಪದ ಬೆಳಕಿನಲ್ಲಿ ನಡೆಯುತ್ತಿತ್ತು, ಅಷ್ಟೇ ವ್ಯತ್ಯಾಸ.

ಫಲಿತಾಂಶ: ಕೆರ್ರಿಗೆ ಶೇ. 38, ಎಡ್ವರ್ಡ್ಸ್‌ಗೆ 32, ಡೀನ್‌ಗೆ 18, ಗೆಪಾರ್ಟ್‌ಗೆ 11. (ಇವು ತಲೆ ಎಣಿಕೆ ಅಲ್ಲ, ಪಕ್ಷದ ಮುಂದಿನ ಹಂತದ ಸಭೆಗೆ ಕಳಿಸುವ ಪ್ರತಿನಿಧಿಗಳ ಲೆಕ್ಕ. ಇದನ್ನು ಹೇಳದೆ ಮುಂದೆ ಹೋದರೆ ನನ್ನ ಸಹೋದ್ಯೋಗಿಗಳು ಬಿಡುವುದಿಲ್ಲ.)

ಒಳಗೆ ಹೋಗುವವರನ್ನು ಬಾಗಿಲಲ್ಲೇ ನಿಲ್ಲಿಸಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇರಾಕ್ ಯುದ್ಧಕ್ಕೆ ವಿರೋಧ ಎಂದಿದ್ದರು. ಆ ವಿರೋಧಿಗಳಲ್ಲೇ ಡೀನ್‌ಗಿಂತ ಕೆರ್ರಿ ಕಡೆ ಹೋದವರು ಜಾಸ್ತಿ! ಯುದ್ಧ ಬೇಡ ಎನ್ನುವ ಮನಸ್ಸು, ಯುದ್ಧಕ್ಕೆ ಕೈ ಎತ್ತಿದವನಿಗೆ ಓಟು. ಅಂದು ರಾತ್ರಿ ಇನ್ನೂ ಒಂದು ವಿಚಿತ್ರ ನಡೆಯಿತು. ಸಂಸತ್ತಿನಲ್ಲಿ ಯುದ್ಧದ ವಿರುದ್ಧ ಓಟು ಹಾಕಿದ್ದ ಇನ್ನೊಬ್ಬ ಆಕಾಂಕ್ಷಿ ಡೆನಿಸ್ ಕುಸಿನಿಚ್ ತಮ್ಮ ಗುಂಪು ಸಾಲದಿದ್ದಲ್ಲಿ ಎಡ್ವರ್ಡ್ಸ್ ಮೂಲೆಗೆ ಹೋಗಿ ಅಂತ ಬೆಂಬಲಿಗರಿಗೆ ಹೇಳಿದ್ದರು. ಎಡ್ವರ್ಡ್ಸ್ ಯುದ್ಧಕ್ಕೆ ಹೌದು ಎಂದವರು.

ಇದನ್ನು ದಡ್ಡತನ ಅಂದುಕೊಳ್ಳಬೇಡಿ. ಅಯೋವಾದ ಆ ಮತದಾರ ಬುಷ್ ಯುದ್ಧದ ಬಗ್ಗೆ ಏನು ತೀರ್ಪು ಕೊಡಬೇಕೋ ಅದನ್ನು ಮನೆಯಲ್ಲೇ ಕೊಟ್ಟು ಬಂದಿದ್ದ. ಆ ವಿಷಯದಲ್ಲಿ ಅವನಿಗೆ ಚರ್ಚೆ ಉಳಿದಿರಲಿಲ್ಲ. ಅವನ ತಲೆಯಲ್ಲಿದ್ದ ಪ್ರಶ್ನೆ ಬೇರೆ. ನವೆಂಬರ್‌ನಲ್ಲಿ ಒಹಾಯೋದಲ್ಲೋ ಫ್ಲಾರಿಡಾದಲ್ಲೋ ಎರಡೂ ಕಡೆ ವಾಲಬಲ್ಲ ಒಬ್ಬ ಮನುಷ್ಯ ಇದ್ದಾನೆ. ಅವನಿಗೆ ಬುಷ್ ಧೈರ್ಯವಂತ ಅಂತ ಅನ್ನಿಸುತ್ತದೆ. ಅವನ ಮನಸ್ಸು ತಿರುಗಿಸಲು ಯಾರನ್ನು ಕಳಿಸಬೇಕು? ಅಯೋವಾದವನು ಓಟು ಹಾಕಿದ್ದು ಆ ಕಾಣದ ಮನುಷ್ಯನ ಪರವಾಗಿ. ಆಗ ಅಯೋವಾದಲ್ಲಿ ಒಂದು ಬ್ಯಾಡ್ಜ್ ಓಡಾಡುತ್ತಿತ್ತು: 'ಸುತ್ತಾಡಿದ್ದು ಡೀನ್ ಜೊತೆ, ಮದುವೆಯಾಗಿದ್ದು ಕೆರ್ರಿ ಜೊತೆ'. ಮನೆಯವರು ಒಪ್ಪುವ ಗಂಡು ನೋಡಿದಂತೆ.

ಕೆರ್ರಿ ಯಾಕೆ ಒಪ್ಪುವ ಗಂಡು ಅನ್ನಿಸಿದರು? ಪದಕಗಳಿಂದ. ವಿಯೆಟ್ನಾಂನ ಮೆಕಾಂಗ್ ನದಿ ಮುಖಜ ಭೂಮಿಯಲ್ಲಿ ಗಸ್ತು ದೋಣಿ ನಡೆಸಿ ಬಂದವರು. ಒಂದು ಸಿಲ್ವರ್ ಸ್ಟಾರ್, ಒಂದು ಬ್ರಾಂಜ್ ಸ್ಟಾರ್, ಗಾಯಗೊಂಡಿದ್ದಕ್ಕೆ ಮೂರು ಪರ್ಪಲ್ ಹಾರ್ಟ್. ಅಯೋವಾ ಕಾಕಸ್‌ಗೆ ಎರಡು ದಿನ ಮುಂಚೆ ಜಿಮ್ ರಾಸ್‌ಮನ್ ಎಂಬವರು ವೇದಿಕೆ ಹತ್ತಿದರು. 1969ರಲ್ಲಿ ಗುಂಡಿನ ಸುರಿಮಳೆಯ ನಡುವೆ ಕೆರ್ರಿ ನೀರಿನಿಂದ ಮೇಲೆತ್ತಿ ಉಳಿಸಿದ್ದು ಇವರನ್ನೇ. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಅಪ್ಪಿಕೊಂಡರು. ಜನ ಕಣ್ಣೊರೆಸಿಕೊಂಡರು. ಆದರೆ ನನ್ನಂಥವನ ಕಿವಿ ನೆಟ್ಟಗಾಗುವುದು ಇನ್ನೊಂದು ವಿವರಕ್ಕೆ. ರಾಸ್‌ಮನ್ ರಿಪಬ್ಲಿಕನ್ ಎಂದು ನೋಂದಾಯಿಸಿಕೊಂಡಿದ್ದವರು. ಅಯೋವಾದವರು ಯಾರ ಮನಸ್ಸನ್ನು ಸುಮ್ನೆ ಊಹಿಸುತ್ತಿದ್ದರೋ ಆ ಪಕ್ಕದ ಮನೆಯವನು ಜೀವಂತವಾಗಿ ಎದುರಿಗೆ ಬಂದು ನಿಂತಂತಾಯಿತು.

ಡೀನ್ ವಿಷಯದಲ್ಲಿ ಉಲ್ಟಾ ಆಯಿತು. ಡಿಸೆಂಬರ್‌ನಲ್ಲಿ ಸದ್ದಾಂ ಹುಸೇನ್ ಸಿಕ್ಕಿಬಿದ್ದಾಗ ಡೀನ್, 'ಇದರಿಂದ ಅಮೆರಿಕ ಹೆಚ್ಚು ಸುರಕ್ಷಿತವಾಗಿಲ್ಲ' ಎಂದರು. ಅವರ ಬೆಂಬಲಿಗರಲ್ಲಿ ಎಷ್ಟೋ ಜನರಿಗೆ ಆ ಮಾತು ಸರಿಯೆಂದೇ ಕಂಡಿತು. ಆದರೆ 'ಇದನ್ನು ಕೇಳಿದರೆ ಆ ಕಾಣದ ಮನುಷ್ಯ ಏನಂತಾನೆ' ಎಂಬ ದಿಗಿಲೂ ಅವರಿಗೇ ಹತ್ತಿತು.

ಹೀಗಾಗಿ ಹಾಲಿ ಅಧ್ಯಕ್ಷರ ಯುದ್ಧದ ದಾಖಲೆ ಕುರಿತ ವಾದ ಇರಾಕ್ ಬಿಟ್ಟು ಮೂವತ್ತು ವರ್ಷ ಹಿಂದಕ್ಕೆ ಜಾರಿತು. ಫೆಬ್ರವರಿ 8ರಂದು ಬುಷ್ ಟಿವಿ ಸಂದರ್ಶನದಲ್ಲಿ 'ನಾನು ಯುದ್ಧಕಾಲದ ಅಧ್ಯಕ್ಷ' ಎಂದರು. ಅದೇ ದಿನಗಳಲ್ಲಿ ಎದುರಾಳಿಗಳು ಕೇಳುತ್ತಿದ್ದದ್ದು: ವಿಯೆಟ್ನಾಂ ಕಾಲದಲ್ಲಿ ಟೆಕ್ಸಾಸ್‌ನ ಏರ್ ನ್ಯಾಷನಲ್ ಗಾರ್ಡ್ ಎಂಬ ಮೀಸಲು ವಾಯುಪಡೆ ಸೇರಿದ್ದ ಇವರು 1972ರಲ್ಲಿ ಅಲಬಾಮಾದಲ್ಲಿ ಡ್ಯೂಟಿಗೆ ಹಾಜರಾಗಿದ್ದರಾ? ಶ್ವೇತಭವನ ಹಳೆಯ ಸಂಬಳದ ಚೀಟಿಗಳನ್ನು ಹೊರಗೆ ತೆಗೆಯಿತು. ಸೈನಿಕರು ಸಾಯುತ್ತಿದ್ದದ್ದು ಬಾಗ್ದಾದ್‌ನಲ್ಲಿ, ದೇಶ ಲೆಕ್ಕ ಹಾಕುತ್ತಿದ್ದದ್ದು 1972ರ ಹಾಜರಿ ಪುಸ್ತಕ. ಇದು ಡೆಮಾಕ್ರಟರು ತಾವಾಗಿ ತೋಡಿಕೊಂಡ ಗುಂಡಿ ಅಂತ ನನ್ನ ಅಭಿಪ್ರಾಯ. ಪದಕವೇ ಅರ್ಹತೆಯಾದರೆ ಪದಕದ ಮೇಲೇ ಏಟು ಬೀಳುತ್ತದೆ. ಟಿಕೆಟ್ ಕೆರ್ರಿಗೇ ಸಿಕ್ಕಿತು, ಆಗಸ್ಟ್‌ನಲ್ಲಿ ಏಟೂ ಬಿತ್ತು. ಅದೇ ಗಸ್ತು ದೋಣಿಗಳ ಪಡೆಯಲ್ಲಿದ್ದ ಕೆಲವು ಮಾಜಿ ಸೈನಿಕರು ಕೆರ್ರಿ ಪದಕಗಳೇ ಸಂಶಯಾಸ್ಪದ ಎಂದು ಜಾಹೀರಾತು ಕೊಟ್ಟರು. ನೌಕಾಪಡೆಯ ದಾಖಲೆಗಳು ಕೆರ್ರಿ ಪರವಾಗಿಯೇ ಇದ್ದವು. ಆದರೆ ಜಾಹೀರಾತು ದಾಖಲೆಗೆ ಕಾಯುತ್ತದೆಯೇ?

ಇರಾಕ್ ವಿಷಯಕ್ಕೆ ಬಂದರೆ ಕೆರ್ರಿ ಬಾಯಿಂದ ನೇರ ಉತ್ತರ ಹೊರಡಲೇ ಇಲ್ಲ. ಯುದ್ಧದ 87 ಬಿಲಿಯನ್ ಡಾಲರ್ ಹಣದ ಬಗ್ಗೆ, 'ವಿರುದ್ಧ ಓಟು ಹಾಕುವ ಮೊದಲು ಪರವಾಗಿಯೇ ಹಾಕಿದ್ದೆ' ಎಂದ ಮಾತು ಅವರ ಕೊರಳಿಗೆ ಉರುಳಾಯಿತು.

ಮತದಾರರು ಸಿಟ್ಟಿಗೆ ಹಾಕಿದ ಓಟನ್ನು ಓದುವುದು ಎಷ್ಟು ಕಷ್ಟ ಅನ್ನುವುದಕ್ಕೆ ಇನ್ನೂ ಹಳೆಯ ಕಥೆ 1968ರದು. ತರಬೇತಿಯಲ್ಲಿ ನಾನು ಇದನ್ನು ಬಿಡುವುದೇ ಇಲ್ಲ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್, ವಿಯೆಟ್ನಾಂ ಯುದ್ಧ. ಜನವರಿ ಕೊನೆಯಲ್ಲಿ ವಿಯೆಟ್ನಾಂನ ಹೊಸವರ್ಷವಾದ ಟೆಟ್ ಹಬ್ಬದ ಹೊತ್ತಿಗೆ ಕಮ್ಯುನಿಸ್ಟ್ ಪಡೆಗಳ ದಾಳಿ ಆಗಿ ಅಮೆರಿಕ ಬೆಚ್ಚಿಬಿದ್ದಿತ್ತು. ಅವರದೇ ಪಕ್ಷದ ಸೆನೆಟರ್ ಯೂಜೀನ್ ಮೆಕಾರ್ಥಿ ಯುದ್ಧ ನಿಲ್ಲಿಸಿ ಎನ್ನುತ್ತ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರೈಮರಿಯಲ್ಲಿ ನಿಂತರು. ಕಾಲೇಜು ಹುಡುಗರು ಉದ್ದ ಕೂದಲು ಕತ್ತರಿಸಿ, ಗಡ್ಡ ಬೋಳಿಸಿ, ಅಚ್ಚುಕಟ್ಟಾಗಿ ಮನೆ ಮನೆ ಬಾಗಿಲು ತಟ್ಟಿದರು. ಮಾರ್ಚ್ 12ರಂದು ಮೆಕಾರ್ಥಿಗೆ ಸುಮಾರು ಶೇ. 42. ಮತಪತ್ರದಲ್ಲಿ ಹೆಸರೇ ಇಲ್ಲದ ಜಾನ್ಸನ್‌ಗೆ ಜನ ಕೈಯಲ್ಲಿ ಬರೆದು ಹಾಕಿದ್ದು ಶೇ. 49ರ ಆಸುಪಾಸು. ಅಂದರೆ ಜಾನ್ಸನ್ ಸೋತಿರಲಿಲ್ಲ. ಆದರೂ ಸೋತಂತೆಯೇ ಸುದ್ದಿಯಾಯಿತು. ನಾಲ್ಕು ದಿನಕ್ಕೆ, ಹತ್ಯೆಯಾಗಿದ್ದ ಅಧ್ಯಕ್ಷ ಕೆನಡಿಯ ತಮ್ಮ ರಾಬರ್ಟ್ ಕೆನಡಿಯೂ ಕಣಕ್ಕಿಳಿದರು. ಮಾರ್ಚ್ 31ರ ರಾತ್ರಿ ಜಾನ್ಸನ್ ಟಿವಿಯಲ್ಲಿ ಬಂದು, ಇನ್ನೊಂದು ಅವಧಿಗೆ ನಾನಿಲ್ಲ ಎಂದು ಘೋಷಿಸಿಬಿಟ್ಟರು.

ಶಾಂತಿಗೆ ಶೇ. 42 ಓಟು ಅಂತ ಎಲ್ಲರೂ ಬರೆದರು. ಮಿಶಿಗನ್ ವಿಶ್ವವಿದ್ಯಾಲಯದ ಸಮೀಕ್ಷಕರು ಆಮೇಲೆ ಅಂಕಿ ಬಿಡಿಸಿ ನೋಡಿದರೆ ಚಿತ್ರ ಬೇರೆಯೇ ಇತ್ತು. ನ್ಯೂ ಹ್ಯಾಂಪ್‌ಶೈರ್‌ನ ಮೆಕಾರ್ಥಿ ಬೆಂಬಲಿಗರಲ್ಲಿ ಜಾನ್ಸನ್ ಯುದ್ಧನೀತಿಯ ಮೇಲೆ ಸಿಟ್ಟಾದವರನ್ನು ಎಣಿಸಿದರೆ, ಸೈನ್ಯ ವಾಪಸ್ ತನ್ನಿ ಅನ್ನುವವರಿಗಿಂತ 'ಇನ್ನೂ ಜೋರಾಗಿ ಹೊಡೆಯಿರಿ' ಅನ್ನುವವರೇ ಜಾಸ್ತಿ. ವಾಪಸ್ ಅನ್ನುವವರು ಇಬ್ಬರಿದ್ದರೆ ಹೊಡೆಯಿರಿ ಅನ್ನುವವರು ಹೆಚ್ಚುಕಡಿಮೆ ಮೂವರು!

ನಮ್ಮಲ್ಲಿ ಕಾವೇರಿ ಗಲಾಟೆಯ ವರ್ಷ 'ನೀರಿನ ವಿಷಯದಲ್ಲಿ ಸರ್ಕಾರ ಮಾಡಿದ್ದು ಸರಿಯಾ' ಅಂತ ಕೇಳಿ ನೋಡಿ. ಮಂಡ್ಯದ ರೈತ 'ಇಲ್ಲ' ಅಂತಾನೆ, ನೀರು ಬಿಟ್ಟಿದ್ದಕ್ಕೆ. ಬೆಂಗಳೂರಿನ ಅಂಗಡಿಯವನೂ 'ಇಲ್ಲ' ಅಂತಾನೆ, ಬಂದ್ ತಡೆಯದಿದ್ದಕ್ಕೆ. ಫಾರಂನಲ್ಲಿ ಎರಡೂ ಒಂದೇ ಟಿಕ್. 'ಯಾಕೆ' ಎಂಬ ಇನ್ನೊಂದು ಸಾಲು ಸೇರಿಸಲು ಜಾಗ ಇಲ್ಲ ಅಂತ ಪ್ರಿಂಟ್ ಮಾಡುವವರು ಪ್ರತಿ ಸಲವೂ ಗೊಣಗುತ್ತಾರೆ. ನಾನು ಪ್ರತಿ ಸಲವೂ ಜಗಳ ಆಡುತ್ತೇನೆ.

ಯುದ್ಧ ಗೆದ್ದರೂ ಆ ಪುಣ್ಯ ಜಾಸ್ತಿ ದಿನ ನಿಲ್ಲುವುದಿಲ್ಲ. ಈ ಬುಷ್ ಅವರ ತಂದೆ, ಆಗ ಅಧ್ಯಕ್ಷರಾಗಿದ್ದ ಹಿರಿಯ ಬುಷ್ ಅವರಿಗೆ 1991ರಲ್ಲಿ ಕೊಲ್ಲಿ ಯುದ್ಧ ಮುಗಿದಾಗ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 89 ಮೆಚ್ಚುಗೆ. ಮರುವರ್ಷ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅವರದೇ ಪಕ್ಷದ ಪ್ಯಾಟ್ ಬುಕಾನನ್ ಶೇ. 37 ಓಟು ಕಿತ್ತುಕೊಂಡರು. ನವೆಂಬರ್‌ನಲ್ಲಿ ಕುರ್ಚಿಯೂ ಹೋಯಿತು.

2004ರ ನವೆಂಬರ್ 2ಕ್ಕೆ ಬರೋಣ. ಬುಷ್‌ಗೆ ಶೇ. 50.7, ಕೆರ್ರಿಗೆ 48.3. ಮತಗಟ್ಟೆಯಿಂದ ಹೊರಬಂದವರ ಕೈಗೆ ಒಂದು ಪಟ್ಟಿ ಕೊಟ್ಟು, ನಿಮ್ಮ ಓಟಿಗೆ ಮುಖ್ಯವಾದ ವಿಷಯ ಯಾವುದು ಅಂತ ಕೇಳಿದ್ದರು. 'ನೈತಿಕ ಮೌಲ್ಯ' ಎಂದವರು ಶೇ. 22, ಮೊದಲ ಸ್ಥಾನ. ಮರುದಿನ ತಲೆಬರಹವೆಲ್ಲ ಅದೇ. ಭಯೋತ್ಪಾದನೆ ಶೇ. 19, ಇರಾಕ್ ಶೇ. 15. ಭಯೋತ್ಪಾದನೆಗೆ ಟಿಕ್ ಹಾಕಿದವರಲ್ಲಿ ಶೇ. 86 ಬುಷ್ ಕಡೆ. ಇರಾಕ್‌ಗೆ ಟಿಕ್ ಹಾಕಿದವರಲ್ಲಿ ಶೇ. 73 ಕೆರ್ರಿ ಕಡೆ. ಬುಷ್ ಭಾಷಣಗಳಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ವಿಷಯಗಳಾಗಿರಲಿಲ್ಲ, ಒಂದೇ ಯುದ್ಧ.

ಈ ಪಟ್ಟಿ ತೋರಿಸಿದಾಗ ತರಬೇತಿಯಲ್ಲಿ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: 'ಸಾರ್, ಎರಡಕ್ಕೂ ಸೇರಿಸಿ ಒಂದೇ ಕೋಡ್, ಅಂದರೆ ಪಟ್ಟಿಯಲ್ಲಿ ಒಂದೇ ಸಾಲು, ಕೊಟ್ಟಿದ್ದರೆ?' ಬೋರ್ಡ್ ಮೇಲೆ ಲೆಕ್ಕ ಮಾಡಿಸುತ್ತೇನೆ. ಎರಡೂ ಕೂಡಿದರೆ ಶೇ. 34. ನೈತಿಕ ಮೌಲ್ಯ ಎರಡನೇ ಸ್ಥಾನಕ್ಕೆ ಇಳಿಯುತ್ತಿತ್ತು, ಮರುದಿನದ ತಲೆಬರಹವೇ ಬೇರೆ ಇರುತ್ತಿತ್ತು. ಆ ಗುಂಪಿನೊಳಗೆ ಬುಷ್‌ಗೆ ಹತ್ತರಲ್ಲಿ ಆರು, ಕೆರ್ರಿಗೆ ನಾಲ್ಕು. ಯುದ್ಧದ ಬಗ್ಗೆ ಎದುರು ಬದುರು ನಿಂತ ಎರಡು ಗುಂಪುಗಳು ಒಂದೇ ಡಬ್ಬಿಯಲ್ಲಿ, ಥೇಟ್ ನ್ಯೂ ಹ್ಯಾಂಪ್‌ಶೈರ್‌ನ ಆ 42ರ ಥರ.