ಪಯಸ್ವಿನಿ ದಂಡೆಯ ಮರದ ಲೆಕ್ಕ ಯಾರ ಪೆಟ್ಟಿಗೆಯಲ್ಲಿದೆ?

ಕಾಸರಗೋಡು ಜಿಲ್ಲೆಯ ಪಯಸ್ವಿನಿ ಹೊಳೆಯ ಸೀಮೆಯಲ್ಲಿ, ಚೆರ್ಕಳದಿಂದ ಜಾಲ್ಸೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಮುಳ್ಳೇರಿಯ, ಆದೂರು ದಾಟುವಾಗ ಈಗ ಕಣ್ಣಿಗೆ ಬೀಳುವುದು ಅಡಿಕೆ, ರಬ್ಬರ್, ಗೇರು. ನಡುನಡುವೆ ಮೀಸಲು ಕಾಡಿನ ತುಂಡುಗಳು. ಒಂದು ಕಾಲದಲ್ಲಿ ಈ ಕಡೆಯ ಪೇಟೆಗಳಿಗೆ ಹಣ ತಂದ ಸರಕುಗಳಲ್ಲಿ ಕಾಡಿನ ಮರ, ಕಟ್ಟಿಗೆ, ಬಿದಿರೂ ಇದ್ದವು. ಅಂಗಡಿ ಸಾಲು, ಚಹಾದಂಗಡಿ, ಎತ್ತಿನ ಗಾಡಿ, ಆಮೇಲೆ ಲಾರಿ, ಎಲ್ಲದರ ಹಿಂದೆ ಮರದ ವ್ಯಾಪಾರದ ಪಾಲು ಇತ್ತು. ಆದರೆ ಇದನ್ನು ಹೇಳುವ ಒಂದು ಮ್ಯೂಸಿಯಂ ಇಲ್ಲಿಲ್ಲ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಸ್ಮಾರಕವಾಯಿತು. ಕವಿಗೆ ಸಿಕ್ಕಿದ್ದು ಮರ ಕಡಿದವರಿಗೂ ಕೊಯ್ದವರಿಗೂ ಸಿಗಲಿಲ್ಲ.

ಹಾಗಂತ ದಾಖಲೆಗಳೇ ಇಲ್ಲ ಎಂದಲ್ಲ. ಬೇಕಾದಷ್ಟಿವೆ. ತೊಂದರೆ ಏನೆಂದರೆ ಅವು ಒಂದೇ ಕಡೆ ಇಲ್ಲ. ಯಾಕೆ ಹೀಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

19ನೇ ಶತಮಾನದಲ್ಲಿ ಈ ಪ್ರದೇಶ ಕೆನರಾ ಜಿಲ್ಲೆಯ ದಕ್ಷಿಣದ ತುದಿ. ತಾಲೂಕಿನ ಹೆಸರು ಕಾಸರಗೋಡು ಅಲ್ಲ, ಬೇಕಲ. ಗುಡ್ಡದ ಕಾಡನ್ನು ಕಡಿದು, ಸುಟ್ಟು, ಒಂದೆರಡು ವರ್ಷ ಬೆಳೆ ತೆಗೆದು ಮುಂದಕ್ಕೆ ಹೋಗುವ ಕುಮ್ರಿ ಬೇಸಾಯ ಇಲ್ಲಿ ಜೋರಾಗಿತ್ತು. ಬೇಕಲದ ಕಡೆ ಇದಕ್ಕೊಂದು ವಿಶೇಷವಿತ್ತು. ಕುಮ್ರಿ ಗುಡ್ಡಗಳನ್ನು ವರ್ಗದಾರರು, ಅಂದರೆ ಕಂದಾಯ ಕಟ್ಟುವ ಜಮೀನಿನ ಒಡೆಯರು, ತಮ್ಮ ವರ್ಗದ (ಹಿಡುವಳಿಯ) ಭಾಗ ಎಂದೇ ನೋಡುತ್ತಿದ್ದರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಕಾಡುಗಳ ಮುಖ್ಯಸ್ಥನಾದ ಹ್ಯೂ ಕ್ಲೆಗ್‌ಹಾರ್ನ್‌ಗೆ ಕುಮ್ರಿ ಎಂದರೆ ಆಗುತ್ತಿರಲಿಲ್ಲ. ಹಡಗಿಗೂ ರೈಲಿಗೂ ಬೇಕಾದ ಮರ ಬೂದಿಯಾಗುತ್ತಿದೆ ಎಂಬುದು ಅವನ ವಾದ. 1860ರಲ್ಲಿ ಮದ್ರಾಸ್ ಸರಕಾರ ಅನುಮತಿ ಇಲ್ಲದೆ ಕುಮ್ರಿ ಮಾಡುವುದನ್ನು ತಡೆಯಿತು. ಸರಕಾರದ ಕಾಡು ಯಾವುದು, ವರ್ಗದಾರನ ಗುಡ್ಡ ಯಾವುದು ಎಂಬ ಜಗಳ ಜೋರಾಗಿ ಕಾಗದಕ್ಕೆ ಇಳಿದದ್ದು ಈ ಕಾಲದಲ್ಲಿ. 1862ರಲ್ಲಿ ಕೆನರಾ ಎರಡಾಯಿತು. ಉತ್ತರದ ಭಾಗ ಬೊಂಬಾಯಿಗೆ ಹೋಯಿತು, ದಕ್ಷಿಣದ್ದು ಮದ್ರಾಸಿನಲ್ಲೇ ಉಳಿಯಿತು. ಅಂದರೆ ಕಾಗದ ಹಂಚಿಹೋಗುವ ಕತೆ 1956ರ ರಾಜ್ಯ ವಿಂಗಡಣೆಗಿಂತ ಎಷ್ಟೋ ಮೊದಲೇ ಶುರುವಾಗಿತ್ತು.

1882ರಲ್ಲಿ ಮದ್ರಾಸ್ ಅರಣ್ಯ ಕಾಯಿದೆ ಬಂತು. ಒಂದು ಗುಡ್ಡವನ್ನು ಮೀಸಲು ಕಾಡು ಮಾಡಬೇಕಾದರೆ ಮೊದಲು 4ನೇ ಸೆಕ್ಷನ್ ಪ್ರಕಾರ ಪ್ರಕಟಣೆ ಹೊರಡಿಸಬೇಕು. ಆಮೇಲೆ ಸೆಟ್ಲ್‌ಮೆಂಟ್ ಅಧಿಕಾರಿ ಜನರ ಹಕ್ಕುಬಾಧ್ಯತೆಗಳ ಅರ್ಜಿ ಕರೆಯಬೇಕು, ವಿಚಾರಣೆ ಮಾಡಬೇಕು. ಕೊನೆಗೆ 16ನೇ ಸೆಕ್ಷನ್ ಪ್ರಕಾರ ಗಡಿ ಗುರುತಿಸಿ ಗೆಜೆಟ್‌ನಲ್ಲಿ ಹಾಕಬೇಕು. ಹಳೆ ಮನೆಗಳ ಪೆಟ್ಟಿಗೆಯಲ್ಲಿ ಇಂಥ ವಿಚಾರಣೆಯ ಒಂದು ನಕಲು ಸಿಕ್ಕರೆ ಅದು ಬಂಗಾರ. ನೀರು ಹರಿಯುವ ತೋಡು, ದನ ಮೇಯುವ ದಾರಿ, ದೈವದ ಕಟ್ಟೆ, ಸೊಪ್ಪು ತರುವ ಜಾಗ, ಯಾರೂ ಚರಿತ್ರೆ ಎಂದು ಬರೆಯದ ಸಂಗತಿಗಳೆಲ್ಲ ಹಕ್ಕಿನ ವಾದದ ನೆಪದಲ್ಲಿ ದಾಖಲಾಗಿರುತ್ತವೆ. ಕೃಷಿ ಭೂಮಿಯ ಅಂಚಿನಿಂದ 100 ಗಜದ ತನಕ ಸೊಪ್ಪು, ಕಟ್ಟಿಗೆ ತರುವ ಕುಮ್ಕಿ ಸೌಲಭ್ಯದ ತಕರಾರುಗಳೂ ಇದೇ ಜಾತಿಯವು.

ಇನ್ನು ಮರಕ್ಕೆ ಬೇಡಿಕೆ ಎಲ್ಲಿಂದ ಬಂತು? ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ನೋಡುನೋಡುತ್ತಾ ಹೊಳೆ ದಂಡೆಗಳಲ್ಲಿ ಬೇರೆಯವರ ಕಾರ್ಖಾನೆಗಳೂ ಎದ್ದವು. ಹಂಚಿಗೆ ಮಣ್ಣು ಎಷ್ಟು ಬೇಕೋ ಕಟ್ಟಿಗೆಯೂ ಅಷ್ಟೇ ಬೇಕು. ಕೆಂಪು ಹಂಚಿನ ಮಾಡು ನೋಡಿ ನಾವು ಮೆಚ್ಚುತ್ತೇವೆ, ಅದನ್ನು ಸುಡಲು ಉರಿದ ಕಾಡು ನೆನಪಿಗೇ ಬರುವುದಿಲ್ಲ. 1907ರಲ್ಲಿ ರೈಲು ಮಂಗಳೂರು ಮುಟ್ಟಿತು. ಹಳಿಯ ಕೆಳಗೆ ಹಾಸಲು ಕಿರಾಲ್‌ಬೋಗಿ, ಜಂಬೆಯಂಥ ಗಟ್ಟಿ ಮರ ಬೇಕಾಯಿತು. ಅಲ್ಲಿಯ ತನಕ ದೊಡ್ಡ ಮರಕ್ಕೆ ಹೊಳೆಯೇ ದಾರಿ. ಕರಾವಳಿಯ ಹೊಳೆಗಳಲ್ಲಿ ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ ಬಂದರಿಗೆ ತೇಲಿಸುತ್ತಿದ್ದರು. ಗಟ್ಟಿ ಮರ ನೀರಲ್ಲಿ ಮುಳುಗುತ್ತದೆ. ಅದಕ್ಕೆ ಬಿದಿರಿನ ಕಟ್ಟು ಕಟ್ಟಿ ತೇಲುವಂತೆ ಮಾಡಬೇಕಿತ್ತು. ಹಾಗಾಗಿ ಹಳೆ ಲೆಕ್ಕಗಳಲ್ಲಿ ಮರದ ಪಕ್ಕದಲ್ಲೇ ಬಿದಿರಿನ ಖರ್ಚೂ ಕಂಡರೆ ಆಶ್ಚರ್ಯವಿಲ್ಲ.

ಎರಡನೇ ಮಹಾಯುದ್ಧದಲ್ಲಿ ಮರದ ಬೇಡಿಕೆ ಇನ್ನೂ ಏರಿತು. ಕಣ್ಣೂರಿನ ಹತ್ತಿರ ವಳಪಟ್ಟಣಂನಲ್ಲಿ 1945ರಲ್ಲಿ ಪ್ಲೈವುಡ್ ಕಾರ್ಖಾನೆ ಬಂತು. ಅದುವರೆಗೆ ಹೆಚ್ಚು ಬೆಲೆ ಇಲ್ಲದ ಮೆದು ಮರಕ್ಕೂ ಗಿರಾಕಿ ಸಿಕ್ಕಿತು. ಯುದ್ಧ ಮುಗಿದ ಮೇಲೆ ಮಿಲಿಟರಿ ಮಾರಿದ ಲಾರಿಗಳು ಬಂದವು. ಎತ್ತು, ಆನೆ, ಹೊಳೆ ಸೇರಿ ವಾರಗಟ್ಟಲೆ ಮಾಡುತ್ತಿದ್ದ ಕೆಲಸ ದಿನಗಳಿಗೆ ಇಳಿಯಿತು. ಅದೇ ಹೊತ್ತಿಗೆ ಜಮೀನ್ದಾರಿ ಹೋಗುತ್ತದೆ ಎಂಬ ಭಯದಲ್ಲಿ ಖಾಸಗಿ ಕಾಡಿನ ಒಡೆಯರು ಸಿಕ್ಕಿದಷ್ಟು ಕಡಿದು ಮಾರಲು ಹೊರಟರು. ಇದನ್ನು ತಡೆಯಲು 1949ರಲ್ಲಿ ಮದ್ರಾಸ್ ಸರಕಾರ ಖಾಸಗಿ ಕಾಡುಗಳ ರಕ್ಷಣೆಗೆ ಒಂದು ಕಾಯಿದೆ ತಂದಿತು. ಮಲಬಾರ್ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಒಂದೇ ಪಟ್ಟಾಗಿ 100 ಎಕರೆಗಿಂತ ಹೆಚ್ಚು ಇರುವ ಖಾಸಗಿ ಕಾಡನ್ನು ಮಾರಲು, ಅದರ ಮರ ಕಡಿಯಲು ಕಲೆಕ್ಟರರ ಒಪ್ಪಿಗೆ ಬೇಕಾಯಿತು. ಇತಿಹಾಸ ಹುಡುಕುವವರಿಗೆ ಇದು ಒಳ್ಳೆಯದೇ ಆಯಿತು. ಮೊದಲು ಬಾಯಿಮಾತಿನಲ್ಲಿ ಮುಗಿಯುತ್ತಿದ್ದ ವ್ಯಾಪಾರಕ್ಕೆ ಈಗ ಅರ್ಜಿ, ಉತ್ತರ, ಅಪ್ಪಣೆ ಎಲ್ಲ ಬೇಕು.

ಇಷ್ಟು ಕಾಗದ ಹುಟ್ಟಿತಲ್ಲ, ಅದೆಲ್ಲ ಎಲ್ಲಿ ಹೋಯಿತು? ಪ್ರಾಂತ್ಯದ ಮಟ್ಟದ ಕಡತಗಳು ಮದ್ರಾಸಿನಲ್ಲಿ. ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಮದ್ರಾಸ್ ಪ್ರಾಂತ್ಯದ ದಾಖಲೆಗಳಿವೆ. ಜಿಲ್ಲೆಯ ಆಡಳಿತ ನಡೆಯುತ್ತಿದ್ದದ್ದು ಮಂಗಳೂರಿನಿಂದ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಮಂಗಳೂರು ಮೈಸೂರು ರಾಜ್ಯಕ್ಕೆ. ಮುಂದಿನ ವರ್ಷ ಕಣ್ಣೂರು ಜಿಲ್ಲೆ ಆಯಿತು, ಕಾಸರಗೋಡು ಅದರೊಳಗೆ. 1984ರಲ್ಲಿ ಸ್ವಂತ ಜಿಲ್ಲೆ. ನಡುವೆ 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದು ಹೇಳಿತು, ಅದು ಹೇಳಿಕೆಯಾಗಿಯೇ ಉಳಿಯಿತು. ಆ ವಿಷಯದ ಬಗ್ಗೆ ನಾವು ಸಭೆ ಮಾಡಿದ್ದೇವೆ, ಭಾಷಣ ಮಾಡಿದ್ದೇವೆ, ಪದ್ಯ ಬರೆದಿದ್ದೇವೆ. ಗಡಿ ಹೋದಾಗ ಕಡತಗಳು ಎಲ್ಲಿ ಹೋದವು ಎಂದು ಮಾತ್ರ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಇದರ ಪರಿಣಾಮ ಹುಡುಕಲು ಹೊರಟಾಗ ಗೊತ್ತಾಗುತ್ತದೆ. ಕಾಸರಗೋಡು ಎಂದು ಹುಡುಕಿದರೆ ಹಳೆಯದು ಸಿಗುವುದಿಲ್ಲ. ಬೇಕಲ ಎಂದು ಹುಡುಕಬೇಕು, ಸೌತ್ ಕೆನರಾ ಎಂದು ಹುಡುಕಬೇಕು, ಇಂಗ್ಲಿಷಿನವರು ಊರಿನ ಹೆಸರನ್ನು ಬಗೆಬಗೆಯಾಗಿ ಬರೆದದ್ದನ್ನೆಲ್ಲ ಪ್ರಯತ್ನಿಸಬೇಕು. 1894 ಮತ್ತು 1895ರಲ್ಲಿ ಎರಡು ಸಂಪುಟವಾಗಿ ಬಂದ ಸೌತ್ ಕೆನರಾ ಮ್ಯಾನ್ಯುಯಲ್ ಇದಕ್ಕೆ ಒಳ್ಳೆಯ ದಾರಿ. ಅದರಲ್ಲಿ ಕಾಡು, ಮರ, ಹೊಳೆ ಎಲ್ಲದರ ವಿವರ ಇದೆ. ಆದರೆ ಅದು ಕಲೆಕ್ಟರರ ಕುರ್ಚಿಯಲ್ಲಿ ಕೂತು ಕಂಡ ಜಿಲ್ಲೆ.

ಮನೆಗಳಲ್ಲಿ ಉಳಿದ ಕಾಗದಕ್ಕೆ ಬೇರೆಯೇ ಕಷ್ಟ ಬಂತು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. 1971ರಲ್ಲಿ ಖಾಸಗಿ ಕಾಡುಗಳನ್ನು ಸರಕಾರ ವಶಕ್ಕೆ ತೆಗೆದುಕೊಳ್ಳುವ ಕಾಯಿದೆ ಬಂತು. ಕೇಸು ಮುಗಿಯುವ ತನಕ ಜೋಪಾನವಾಗಿದ್ದ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ಚೀಟಿಗಳು ಕೇಸು ಮುಗಿದದ್ದೇ ಕಸವಾದವು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ನಂತರ ಕಾಡಿನ ಮರದ ವ್ಯಾಪಾರವೂ ಸೊರಗಿತು. ಲೆಕ್ಕದ ಪುಸ್ತಕ ಇಟ್ಟುಕೊಳ್ಳಲು ಯಾರಿಗೂ ಕಾರಣ ಉಳಿಯಲಿಲ್ಲ.

ಫೋಟೋಗಳ ಮಾತಿಗೆ ಬರೋಣ. ನಮ್ಮ ಕಡೆಯ ಹಳೆಯ ಫೋಟೋ ಎಂದರೆ ಎಲ್ಲರೂ ಮೊದಲು ಹೇಳುವುದು ಬಾಸೆಲ್ ಮಿಶನ್ ಸಂಗ್ರಹ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ಆ ಚಿತ್ರಗಳನ್ನು ಈಗ ಅಂತರ್ಜಾಲದಲ್ಲೇ ನೋಡಬಹುದು. ನೋಡಲೇಬೇಕು ಕೂಡ. ಆದರೆ ಮಿಶನ್‌ನವರು ತೆಗೆದದ್ದು ಅವರಿಗೆ ಬೇಕಾದದ್ದನ್ನು: ಶಾಲೆ, ಕಾರ್ಖಾನೆ, ಚರ್ಚು. ಅರಣ್ಯ ಇಲಾಖೆಯವರ ಫೋಟೋದಲ್ಲಿ ದೊಡ್ಡ ಮರ ಇರುತ್ತದೆ, ಅದರ ಬುಡದಲ್ಲಿ ಅಳತೆ ತೋರಿಸಲು ಒಬ್ಬ ಮನುಷ್ಯ ನಿಂತಿರುತ್ತಾನೆ. ಮರದ ಹೆಸರು ಕೆಳಗೆ ಇರುತ್ತದೆ. ಮನುಷ್ಯನದ್ದು ಇರುವುದಿಲ್ಲ.

ನನ್ನ ಕೇಳಿದರೆ ಪೇಟೆಯ ನಿಜವಾದ ಫೋಟೋ ಸಿಗುವುದು ಮದುವೆ ಆಲ್ಬಮ್ಮಿನಲ್ಲಿ. ದಿಬ್ಬಣದ ಹಿಂದೆ ನಿಂತ ಲಾರಿ, ಅಂಗಳದ ಮೂಲೆಯ ದಿಮ್ಮಿ ರಾಶಿ, ಗೋಡೆಗೆ ಒರಗಿಸಿದ ಉದ್ದ ಗರಗಸ. ಯಾರೂ ಇದನ್ನು ತೆಗೆಯಬೇಕೆಂದು ತೆಗೆದದ್ದಲ್ಲ, ಹಾಗಾಗಿಯೇ ಅದಕ್ಕೆ ಬೆಲೆ. ಕಾಲ ಕಂಡುಹಿಡಿಯಲೂ ಇಂಥ ಮೂಲೆಗಳೇ ಬೇಕು. ಲಾರಿಯ ನಂಬರು ಕೆಎಲ್‌ಸಿ ಎಂದು ಶುರುವಾದರೆ ಅದು ಕಣ್ಣೂರು ಜಿಲ್ಲೆಯ ರಿಜಿಸ್ಟ್ರೇಶನ್, ಅಂದರೆ ಫೋಟೋ ಕೇರಳ ಬಂದ ಮೇಲಿನದು. ಕಾಸರಗೋಡಿನ ಕೆಎಲ್ 14 ಇದ್ದರೆ ಇನ್ನೂ ಈಚಿನದು. ಲೆಕ್ಕದ ಚೀಟಿಯಲ್ಲಿ ಆಣೆ, ಪೈ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಎಂದು ಹೆಚ್ಚುಕಮ್ಮಿ ಹೇಳಬಹುದು. ಪೂರ್ತಿ ನಂಬಬೇಡಿ, ಹೊಸ ಪೈಸೆ ಬಂದ ಮೇಲೂ ಅಜ್ಜಂದಿರು ಆಣೆಯಲ್ಲೇ ಲೆಕ್ಕ ಬರೆಯುತ್ತಿದ್ದರು. ಸ್ಟಾಂಪ್ ಕಾಗದದ ಮೇಲೆ ಯಾವ ರಾಜನ ತಲೆ ಇದೆ, ಮರದ ಅಳತೆ ಘನ ಅಡಿಯಲ್ಲಿದೆಯೋ ಘನ ಮೀಟರಿನಲ್ಲಿದೆಯೋ, ಫೋಟೋದ ಹಿಂಬದಿ ಯಾವ ಸ್ಟುಡಿಯೋದ ಮುದ್ರೆ, ಎಲ್ಲವೂ ಸುಳಿವೇ. ಅದಕ್ಕೇ ಫೋಟೋದ ಮುಂಬದಿ ಮಾತ್ರ ಸ್ಕ್ಯಾನ್ ಮಾಡಿ ಬಿಡಬಾರದು. ಹಿಂಬದಿಯೂ ಬೇಕು.

ಉಳಿಸುವ ವಿಷಯದಲ್ಲಿ ನಮ್ಮ ಹವೆಯೇ ನಮಗೆ ವೈರಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ ಕಾಗದ ನೂರು ವರ್ಷ ಬಾಳಿದ್ದೇ ದೊಡ್ಡದು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇದ್ದದ್ದು ಹೊಗೆಯ ಶಾಖದಲ್ಲಿ ಒಣಗಿ ಉಳಿಯಿತು. ತಾರಸಿ ಮನೆ ಕಟ್ಟಿ ಗೋದ್ರೇಜ್ ಕಪಾಟಿಗೆ ಹಾಕಿದ್ದಕ್ಕೆ ಬೂಷ್ಟು ಹಿಡಿಯಿತು. ಆದರೆ ಮಳೆ, ಗೆದ್ದಲಿಗಿಂತ ನನಗೆ ಜಾಸ್ತಿ ಹೆದರಿಕೆ ಲ್ಯಾಮಿನೇಶನ್ ಅಂಗಡಿಯದ್ದು. ಜಮೀನಿನ ಹಳೆ ಆಧಾರ ಪತ್ರ ಸಿಕ್ಕಿದ ಕೂಡಲೇ ಜನ ಅಲ್ಲಿಗೆ ಓಡುತ್ತಾರೆ. ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಮುಗಿಯಿತು, ಕಾಗದ ಕೆಡಿಸದೆ ಅದನ್ನು ಬಿಡಿಸಲು ಆಗುವುದಿಲ್ಲ. ಒಳಗೆ ಉಳಿದ ತೇವ, ಹುಳಿ ಅಲ್ಲೇ ಕೂತು ತಿನ್ನುತ್ತದೆ. ಸೆಲ್ಲೋಟೇಪೂ ಹಾಗೆಯೇ, ಕೆಲವು ವರ್ಷದಲ್ಲಿ ಹಳದಿ ಕಲೆ ಬಿಟ್ಟು ತಾನು ಉದುರುತ್ತದೆ. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಫೋಟೋ ಇದ್ದರೆ ಎಳೆದು ಕೀಳಬೇಡಿ, ಮೊದಲು ಆಲ್ಬಮ್ಮಿನಲ್ಲಿ ಇರುವ ಹಾಗೆಯೇ ಚಿತ್ರ ತೆಗೆದಿಡಿ.

ದೊಡ್ಡ ಯಂತ್ರ ಬೇಕೆಂದಿಲ್ಲ. ಫೋಟೋಗೆ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಸಾಕು. ಸ್ಕ್ಯಾನರ್ ಇಲ್ಲದಿದ್ದರೆ ಜಗಲಿಯ ನೆರಳು ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಮೊಬೈಲಿನಲ್ಲಿ ತೆಗೆಯಬಹುದು. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅಕ್ಷರ ಮಸುಕಾಗುತ್ತದೆ. ಹೆಸರು ಬರೆಯುವುದಾದರೆ ಹಿಂಬದಿಯ ಅಂಚಿನಲ್ಲಿ ಸೀಸದ ಕಡ್ಡಿಯಲ್ಲಿ, ಮೆತ್ತಗೆ. ಮೂಲ ಪ್ರತಿ ಮನೆಯವರ ಹತ್ತಿರವೇ ಇರಲಿ. ಸಂಗ್ರಹಾಲಯ ಮಾಡುತ್ತೇವೆ ಎಂದು ಊರೂರಿಂದ ತಂದು ರಾಶಿ ಹಾಕಿ ಮರೆತುಬಿಡುವ ಚಾಳಿ ನಮ್ಮಲ್ಲಿ ಇಲ್ಲದ್ದಲ್ಲ. ಇನ್ನೊಂದು ಅನುಕೂಲದ ಮಾತು: 1958ಕ್ಕಿಂತ ಮೊದಲು ತೆಗೆದ ಫೋಟೋಗಳ ಕೃತಿಸ್ವಾಮ್ಯದ ಅವಧಿ ಭಾರತದಲ್ಲಿ ಮುಗಿದಿದೆ. ಕಾನೂನಿನ ತಡೆ ಇಲ್ಲ. ಮನೆಯವರ ಒಪ್ಪಿಗೆ ಕೇಳುವುದು ಬೇರೆ ವಿಷಯ, ಅದು ಯಾವಾಗಲೂ ಬೇಕು.

ಇದೆಲ್ಲ ಹಳೇ ನೆನಪಿನ ಚಪಲ ಎಂದು ಕೆಲವರಿಗೆ ಅನಿಸಬಹುದು. ಹಾಗಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ಹಕ್ಕಿಗೆ ಸಾಕ್ಷಿಯಾಗಿ ಗೆಜೆಟಿಯರ್, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿ, ನಕ್ಷೆ, ಅರಣ್ಯ ಇಲಾಖೆಯ ದಾಖಲೆ, ಊರಿನ ಹಿರಿಯರ ಹೇಳಿಕೆ ಎಲ್ಲವನ್ನೂ ಒಪ್ಪುತ್ತಾರೆ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಕಾಡಿನಂಚಿನ ಮನೆಯಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು? ಒಡೆಯನ ಮನೆಯ ಕೂಲಿ ಪುಸ್ತಕದಲ್ಲೋ ಮರದ ಗುತ್ತಿಗೆದಾರನ ಲೆಕ್ಕದಲ್ಲೋ ಹೆಸರು ಇರಬಹುದು. ಅಲ್ಲಿ ಜಾತಿಯ ಹೆಸರಲ್ಲೇ ಕರೆದಿರುತ್ತಾರೆ, ಸಾಲದ ಮೊತ್ತ ಬರೆದಿರುತ್ತಾರೆ, ಹೆಬ್ಬೆಟ್ಟು ಇರುತ್ತದೆ. ಅಂಥ ಹಾಳೆಯನ್ನು ಸುಮ್ನೆ ಫೇಸ್‌ಬುಕ್‌ಗೆ ಹಾಕುವುದು ಸರಿಯಲ್ಲ. ಮೊದಲು ಆ ಕುಟುಂಬದವರಿಗೆ ತೋರಿಸಬೇಕು.

ಓದುವವರು ಯಾರು ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಶಾನುಭೋಗರ ಕಾಲದ ಲೆಕ್ಕಗಳು ಕನ್ನಡದಲ್ಲಿವೆ, ಅದೂ ಎಳೆದು ಬರೆದ ಕೂಡಕ್ಷರದಲ್ಲಿ. ಮಲಯಾಳಂ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮೊಮ್ಮಕ್ಕಳಿಗೆ ಅಜ್ಜನ ಪೆಟ್ಟಿಗೆ ಬರೀ ಗೀಚು. ಕನ್ನಡ ಮಾಧ್ಯಮದ ಶಾಲೆಗಳು ಜಿಲ್ಲೆಯಲ್ಲಿ ಇನ್ನೂ ಇವೆ, ಆದರೆ ಆ ಮಕ್ಕಳಿಗೂ ಹಳೆ ಮೋಡಿ ಕೈಬರಹ ಯಾರೂ ಹೇಳಿಕೊಟ್ಟಿಲ್ಲ. ಸ್ಕ್ಯಾನ್ ಇನ್ನು ಹತ್ತು ವರ್ಷ ಬಿಟ್ಟೂ ಮಾಡಬಹುದು. ಓದಿ ಹೇಳುವ ಹಿರಿಯರು, ಫೋಟೋದಲ್ಲಿ ಎಡದಿಂದ ಮೂರನೆಯವರು ಯಾರು ಎಂದು ಹೇಳಬಲ್ಲವರು, ಅಷ್ಟು ಕಾಲ ಕಾಯುವುದಿಲ್ಲ. ಆದ್ದರಿಂದ ಕೈಗೆ ಸಿಕ್ಕಿದ್ದರಲ್ಲಿ ಮೊದಲು ಯಾವುದು ಎಂದು ಕೇಳಿದರೆ ಗೆಜೆಟ್ ಬೇಡ, ಮ್ಯಾನ್ಯುಯಲ್ ಬೇಡ, ಅವುಗಳ ಪ್ರತಿ ಬೇರೆ ಕಡೆಯೂ ಇವೆ. ಕೂಲಿ ಪುಸ್ತಕ ಇಡೀ ಜಗತ್ತಿಗೆ ಒಂದೇ. ಅದನ್ನು ಬಲ್ಲವರ ಎದುರು ಬಿಚ್ಚಿ, ಅವರು ಓದುತ್ತಿದ್ದಂತೆ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಪುಟದ ನಂಬರು ಜೋರಾಗಿ ಹೇಳಲು ಮರೆಯಬೇಡಿ, ಆಮೇಲೆ ಹೊಂದಿಸುವಾಗ ಬೇಕಾಗುತ್ತದೆ.