ಉಪಗ್ರಹ 45 ಡಿಗ್ರಿ ಅಂದರೆ ಊರಿನ ಗಾಳಿ 45 ಡಿಗ್ರಿ ಅಂತಲ್ಲ

ಪ್ರಶ್ನೆ: ಉಪಗ್ರಹದ ನಕ್ಷೆಯಲ್ಲಿ ಬೆಂಗಳೂರಿನ ನಮ್ಮ ಏರಿಯಾ 45 ಡಿಗ್ರಿ ಅಂತಿದೆ. ಹವಾಮಾನ ಇಲಾಖೆ ಅದೇ ದಿನ 35 ಅನ್ನುತ್ತದೆ. ಯಾರು ಸುಳ್ಳು ಹೇಳುತ್ತಿದ್ದಾರೆ?

ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅಳೆಯುತ್ತಿರುವ ವಸ್ತುವೇ ಬೇರೆ.

ಇಲಾಖೆ ಅಳೆಯುವುದು ಗಾಳಿಯನ್ನು. ಅದರ ಥರ್ಮಾಮೀಟರ್ ಎದೆಮಟ್ಟದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿರುತ್ತದೆ. ಇಂಥ ನಕ್ಷೆಗೆ ಚಿತ್ರ ಕೊಡುವ ಲ್ಯಾಂಡ್‌ಸ್ಯಾಟ್ ಉಪಗ್ರಹಕ್ಕೆ ಕಾಣುವುದು ಟಾರ್ ರಸ್ತೆ, ತಾರಸಿ, ಮರದ ತಲೆ. ಅವು ಹೊರಸೂಸುವ ಶಾಖದ ಕಿರಣಗಳಿಂದ ಮೇಲ್ಮೈ ಎಷ್ಟು ಬಿಸಿಯಿದೆ ಎಂದು ಲೆಕ್ಕ ಹಾಕುತ್ತಾರೆ. ಮಧ್ಯಾಹ್ನ ಬರಿಗಾಲಲ್ಲಿ ತಾರಸಿ ಮೇಲೆ ನಿಂತು ನೋಡಿ. ಅಂಗಾಲು ಚುರ್ ಅನ್ನುತ್ತದೆ, ಮುಖಕ್ಕೆ ತಾಗುವ ಗಾಳಿ ಅಷ್ಟು ಸುಡುವುದಿಲ್ಲ, ಅಲ್ವಾ? ಬೆಂಗಳೂರು ನಗರದ ಗಾಳಿಗೆ 39.2 ಡಿಗ್ರಿಯೇ ದೊಡ್ಡ ದಾಖಲೆ, ಅದು 2016ರ ಏಪ್ರಿಲ್‌ನಲ್ಲಿ.

"ಹಾಗಾದರೆ ಹತ್ತು ಡಿಗ್ರಿ ಕಳೆದರೆ ಆಯ್ತಲ್ಲ?" ಆಗಲ್ಲ. ದಯವಿಟ್ಟು ಈ ಲೆಕ್ಕ ಬಿಡಿ. ಲಾಲ್‌ಬಾಗಿನ ದಟ್ಟ ಮರಗಳ ಮೇಲ್ಮೈಗೂ ಗಾಳಿಗೂ ವ್ಯತ್ಯಾಸ ಕಡಿಮೆ, ಟಾರಿನ ಮೇಲೆ ತುಂಬಾ ಜಾಸ್ತಿ. ಮೋಡವಿಲ್ಲದ ರಾತ್ರಿ ಹುಲ್ಲು ಗಾಳಿಗಿಂತಲೂ ತಣ್ಣಗಾಗುತ್ತದೆ. ಹೊಳೆಯುವ ತಗಡಿನ ಶೆಡ್ಡು ಶಾಖ ಸೂಸುವುದೇ ಕಡಿಮೆ, ಹಾಗಾಗಿ ಸರಿಪಡಿಸದ ಚಿತ್ರದಲ್ಲಿ ಅದು ತಂಪಾಗಿ ಕಾಣುತ್ತದೆ. ಎಲ್ಲದಕ್ಕೂ ಒಂದೇ ಸಂಖ್ಯೆ ಕಳೆದರೆ ಸಿಗುವುದು ಗಾಳಿಯ ಬಿಸಿಯಲ್ಲ, ಸುಮ್ನೆ ಒಂದು ಸಂಖ್ಯೆ. ಅದೂ ಅಲ್ಲದೆ ಲ್ಯಾಂಡ್‌ಸ್ಯಾಟ್ 8ರ ಶಾಖದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 100 ಮೀಟರ್ ಉದ್ದಗಲದ ಜಾಗ. ನಿಮ್ಮ ಮನೆ, ಪಕ್ಕದ ರಸ್ತೆ, ಎದುರಿನ ಹೊಂಗೆಮರ ಎಲ್ಲ ಅದರಲ್ಲಿ ಕಲೆತಿರುತ್ತವೆ.

ಆ ನಕ್ಷೆಯಲ್ಲಿ ಊರಾಚೆಯನ್ನೂ ಗಮನಿಸಿ. ಬೇಸಿಗೆಯಲ್ಲಿ ಬೆಳೆಯಿಲ್ಲದ ಒಣ ಹೊಲಗಳು ಎಷ್ಟೋ ಸಲ ಊರಿಗಿಂತ ಕೆಂಪಗೆ, ಅಂದರೆ ಹೆಚ್ಚು ಬಿಸಿಯಾಗಿ, ಕಾಣುತ್ತವೆ. ಲ್ಯಾಂಡ್‌ಸ್ಯಾಟ್ ಹಾದುಹೋಗುವುದು ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ. ಒಣಮಣ್ಣು ಅಷ್ಟರಲ್ಲಿ ಕಾದುಬಿಟ್ಟಿರುತ್ತದೆ, ಕಾಂಕ್ರೀಟು ನಿಧಾನಕ್ಕೆ ಕಾಯುತ್ತದೆ. ಇದನ್ನೇ ಹಿಡಿದು "ನಗರ ಬಿಸಿಯಾಗಿಲ್ಲ" ಅನ್ನುವವರಿದ್ದಾರೆ. ಅವರು ಅಕ್ವಾ ಉಪಗ್ರಹದ ಮೋಡಿಸ್ ಉಪಕರಣ ರಾತ್ರಿ ತೆಗೆದ ಚಿತ್ರ ನೋಡಬೇಕು. ಒಂದು ಚುಕ್ಕೆಗೆ ಒಂದು ಕಿಲೋಮೀಟರ್, ವಿವರ ಕಡಿಮೆ, ನಿಜ. ಆದರೆ ಆ ಹೊತ್ತಿಗೆ ಹೊಲ ಆರಿರುತ್ತದೆ, ಗೋಡೆ ತಾರಸಿಗಳು ಹಗಲು ಹೀರಿದ ಬಿಸಿಯನ್ನು ಇನ್ನೂ ಬಿಡುತ್ತಿರುತ್ತವೆ. ನಗರದ ಬಿಸಿ ಎದ್ದು ಕಾಣುವುದು ಅಲ್ಲಿ.